ನಾಲ್ಕನೇ ಸಬ್ಜೆಕ್ಟು ಇತಿಹಾಸ ಯಾಕಾಗಬಾರದು?

ಕರ್ನಾಟಕದಲ್ಲಿ ಪಿಯುಸಿ ಸೈನ್ಸ್ ಓದೋ ಮಕ್ಕಳಿಗೆ ಆರು ಸಬ್ಜೆಕ್ಟು. ಎರಡು ಭಾಷೆ. ಆಮೇಲೆ ಫಿಸಿಕ್ಸು, ಕೆಮಿಸ್ಟ್ರಿ, ಮ್ಯಾಥ್ಸು. ಉಳಿಯೋದು ಒಂದೇ ಒಂದು ಖಾಲಿ ಕುರ್ಚಿ. ಅದರ ಮೇಲೆ ಬಯಾಲಜಿ ಕೂರಬಹುದು, ಕಂಪ್ಯೂಟರ್ ಸೈನ್ಸ್ ಕೂರಬಹುದು, ಎಲೆಕ್ಟ್ರಾನಿಕ್ಸ್ ಕೂರಬಹುದು, ಸ್ಟಾಟಿಸ್ಟಿಕ್ಸ್ ಕೂರಬಹುದು. ಇತಿಹಾಸ ಮಾತ್ರ ಬಾಗಿಲ ಹೊರಗೆ, ಚಪ್ಪಲಿ ಬಿಡೋ ಜಾಗದಲ್ಲಿ ನಿಂತಿರಬೇಕು. ಯಾಕೆ ಅಂತ ಕೇಳಿದರೆ, "ಸೈನ್ಸ್‌ನಾಗ ಹಿಸ್ಟರಿ ಹೆಂಗ ಬರ್ತೈತ್ರಿ?" ಅಂತಾರೆ. ಅದು ಉತ್ತರ ಅಲ್ಲ ಸ್ವಾಮಿ, ನನ್ನ ಪ್ರಶ್ನೆಯನ್ನೇ ನನಗೆ ವಾಪಸ್ ಕೊಟ್ಟಿದ್ದು.

ನನ್ನ ವಾದ ಇಷ್ಟೇ. ಇಂಜಿನಿಯರಿಂಗಿಗೆ ಹೋಗೋ ಹುಡುಗ ಹುಡುಗಿಯರು ಆ ನಾಲ್ಕನೇ ಐಚ್ಛಿಕ ವಿಷಯವಾಗಿ ಪ್ರಪಂಚದ ಇತಿಹಾಸ ತಗೊಳ್ಳೋ ಹಾಗಿರಬೇಕು. ಕಡ್ಡಾಯ ಬೇಡ. ಆದರೆ ಸುಮ್ಮನೆ ಪಾಸ್ ಮಾಡಿಸಿ ಕಳಿಸೋ ಸಬ್ಜೆಕ್ಟಾಗಿಯೂ ಬೇಡ. ಗಣಿತದಷ್ಟೇ ಬೆವರು ಇಳಿಸೋ ಸಬ್ಜೆಕ್ಟಾಗಿ ಬೇಕು.

ಈಗ ಏನಾಗ್ತಿದೆ ನೋಡಿ. ಎಸ್ಸೆಸ್ಸೆಲ್ಸಿಯ ಸಮಾಜ ವಿಜ್ಞಾನ ಅನ್ನೋದು ಒಂದು ಮಿಸಳ್ ಪ್ಲೇಟು. ಇತಿಹಾಸ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ, ಭೂಗೋಳ, ಅರ್ಥಶಾಸ್ತ್ರ, ವ್ಯವಹಾರ ಅಧ್ಯಯನ, ಎಲ್ಲಾ ಸೇರಿ 80 ಅಂಕದ ಒಂದೇ ಪೇಪರು. ಅದರಲ್ಲಿ ಇತಿಹಾಸಕ್ಕೆ ಸಿಗೋದು ಒಂದು ತುತ್ತು. ಕಾರಣಗಳು ನಾಲ್ಕು ಪಾಯಿಂಟು, ಪರಿಣಾಮಗಳು ನಾಲ್ಕು ಪಾಯಿಂಟು. ಅಷ್ಟು ಬರೆದು ಹೊರಗೆ ಬಂದ ದಿನವೇ ನಮ್ಮ ಪಾಲಿಗೆ ಇತಿಹಾಸ ಮುಗೀತು. ಆಗ ನಮಗೆ ಹದಿನಾರು ವರ್ಷ. ಮುಂದೆ ಇನ್ನೂ ಐವತ್ತು ಅರವತ್ತು ವರ್ಷ ವೋಟು ಹಾಕ್ತೀವಿ, ವೀಸಾಕ್ಕೆ ಅರ್ಜಿ ಹಾಕ್ತೀವಿ, ವಾಟ್ಸಾಪಿನಲ್ಲಿ ಔರಂಗಜೇಬನಿಂದ ಹಿಟ್ಲರ್ ತನಕ ಎಲ್ಲರ ಬಗ್ಗೆನೂ ತೀರ್ಪು ಕೊಡ್ತೀವಿ. ಬಂಡವಾಳ ಮಾತ್ರ ಹತ್ತನೇ ಕ್ಲಾಸಿನ ಆ ನಾಲ್ಕು ಪಾಯಿಂಟು.

ತಮಾಷೆ ಏನಂದ್ರೆ ಪುಸ್ತಕ ಇಲ್ಲ ಅಂತೇನಿಲ್ಲ. ನಮ್ಮದೇ ರಾಜ್ಯದ ಪ್ರಥಮ ಪಿಯುಸಿ ಇತಿಹಾಸ ಪುಸ್ತಕ ತೆಗೆದು ನೋಡಿ. ಪ್ರಾಚೀನ ನಾಗರಿಕತೆಗಳು, ಗ್ರೀಕರು, ರೋಮನ್ನರು, ಕ್ರೈಸ್ತ ಮತ್ತು ಇಸ್ಲಾಂ ಧರ್ಮಗಳ ಉದಯ, ಮಧ್ಯಯುಗ, ಫ್ರೆಂಚ್ ಕ್ರಾಂತಿ, ಎರಡು ಮಹಾಯುದ್ಧ. ಪೂರ್ತಿ ಪ್ರಪಂಚದ ಇತಿಹಾಸವೇ. ಸಿಬಿಎಸ್‌ಇ ಹನ್ನೊಂದನೇ ಕ್ಲಾಸಿನಲ್ಲೂ ಹಾಗೇ, ಆ ವರ್ಷದ ಇತಿಹಾಸ ಅಂದರೆ ಪ್ರಪಂಚದ ಇತಿಹಾಸ. ಅಂದರೆ ಹದಿನಾರು ಹದಿನೇಳರ ವಯಸ್ಸಿಗೆ ಇದನ್ನು ಕಲಿಸಬೇಕು ಅಂತ ಯಾರೋ ತಿಳಿದವರು ಯೋಚನೆ ಮಾಡಿದ್ದಾರೆ. ಆದರೆ ಅದು ಸಿಗೋದು ಆರ್ಟ್ಸ್‌ನವರಿಗೆ, ಕಾಮರ್ಸಿನಲ್ಲಿ ಹಿಸ್ಟರಿ ಇರೋ ಕಾಂಬಿನೇಶನ್ ತಗೊಂಡವರಿಗೆ. ಸೈನ್ಸ್‌ನವರಿಗೆ ಇಲ್ಲ.

ಹಾಗಂತ ಆರ್ಟ್ಸ್‌ನವರಿಗೆ ಹಬ್ಬ ಅಂದ್ಕೋಬೇಡಿ. ಅವರ ಕೈಗೆ ಪುಸ್ತಕ ಬರ್ತದೆ, ಪಾಠ ಬರಲ್ಲ. ಎರಡು ಅಂಕಕ್ಕೆ ಎರಡು ವಾಕ್ಯ, ಐದು ಅಂಕಕ್ಕೆ ಒಂದು ಪುಟ, ಹತ್ತು ಅಂಕಕ್ಕೆ ಎರಡೂವರೆ ಪುಟ. ಗೈಡ್ ತಗೋ, ಬಾಯಿಪಾಠ ಮಾಡು. ಆ ಮಗುವಿಗೆ ಮೊದಲೇ ಹೇಳಿ ಕೂರಿಸಿರ್ತಾರೆ, "ನಿನಗ ಸೈನ್ಸ್ ಆಗಂಗಿಲ್ಲ, ಆರ್ಟ್ಸ್ ತಗೋ" ಅಂತ. ಅಂಕ ಕಡಿಮೆ ಬಂದವರನ್ನು ತಳ್ಳೋ ಜಾಗಕ್ಕೆ ಇತಿಹಾಸ ಅಂತ ಬೋರ್ಡು ಹಾಕಿದ್ದೀವಿ. ಆಮೇಲೆ "ಜನಕ್ಕೆ ಇತಿಹಾಸ ಪ್ರಜ್ಞೆ ಇಲ್ಲ" ಅಂತ ವೇದಿಕೆ ಮೇಲೆ ಭಾಷಣ ಬಿಗೀತೀವಿ. ಒಬ್ಬನಿಗೆ ಪುಸ್ತಕ ಕೊಡಲಿಲ್ಲ, ಇನ್ನೊಬ್ಬನಿಗೆ ಪುಸ್ತಕ ಕೊಟ್ಟು ಪ್ರಶ್ನೆ ಕೇಳೋದು ಕಲಿಸಲಿಲ್ಲ. ಇಬ್ಬರಿಗೂ ಮೋಸ.

ಈಗ ಸಮುದ್ರದಾಚೆ ಇರೋ ನಮ್ಮವರ ಮನೆಗೆ ಬನ್ನಿ. ಅಮೆರಿಕದ ಹೈಸ್ಕೂಲುಗಳಲ್ಲಿ ಎಪಿ ಅಂತ ಇದೆ. ಕಾಲೇಜು ಮಟ್ಟದ ಪಾಠವನ್ನು ಹೈಸ್ಕೂಲಿನಲ್ಲೇ ಓದಿಸೋ ಕೋರ್ಸುಗಳು. ಅದರಲ್ಲಿ ವರ್ಲ್ಡ್ ಹಿಸ್ಟರಿಯೂ ಒಂದು, ಬಹಳಷ್ಟು ಮಕ್ಕಳು ಹತ್ತನೇ ಕ್ಲಾಸಿನಲ್ಲೇ ತಗೋತಾರೆ. ಪರೀಕ್ಷೆ ಮೂರು ಗಂಟೆ ಹದಿನೈದು ನಿಮಿಷ. ಅದರಲ್ಲಿ ಒಂದು ಪ್ರಶ್ನೆಗೆ ಏಳು ದಾಖಲೆ ಎದುರಿಗಿಡ್ತಾರೆ. ಯಾರದೋ ಕಾಗದ, ಯಾವುದೋ ಸರ್ಕಾರದ ವರದಿ, ಒಂದು ಚಿತ್ರ, ಒಂದು ಲೆಕ್ಕಪತ್ರ. ಒಂದು ಗಂಟೆ ಟೈಮು. ಇದನ್ನು ಬರೆದವನು ಯಾರು, ಯಾರಿಗೆ ಬರೆದ, ಯಾಕೆ ಬರೆದ, ಏನು ಮುಚ್ಚಿಟ್ಟ ಅಂತ ನೋಡಿ ಮಗು ತನ್ನದೇ ವಾದ ಕಟ್ಟಬೇಕು. ಬಾಯಿಪಾಠ ಅಲ್ಲಿ ಸಾಲೋದಿಲ್ಲ.

ಡಲ್ಲಾಸಿನಲ್ಲೋ ಸ್ಯಾನ್ ಹೋಸೆಯಲ್ಲೋ ಇರೋ ಕನ್ನಡದ ಅಪ್ಪ ಅಮ್ಮ ಈ ಕೋರ್ಸನ್ನು ಹೆಮ್ಮೆಯಿಂದ ಹೇಳ್ಕೋತಾರೆ. ಫ್ಯಾಮಿಲಿ ಗ್ರೂಪಿನಲ್ಲಿ ಹಾಕ್ತಾರೆ. ಮಗಳು ಮುಂದೆ ಕಂಪ್ಯೂಟರ್ ಸೈನ್ಸೇ ಓದೋದು, ಆದರೂ ವರ್ಲ್ಡ್ ಹಿಸ್ಟರಿಯಲ್ಲಿ ಐದಕ್ಕೆ ಐದು ಬಂದರೆ ಕೇಕು. ಅದೇ ಜನ ಬೇಸಿಗೆಯಲ್ಲಿ ಊರಿಗೆ ಬಂದಾಗ ಅಣ್ಣನ ಮಗಳು "ಚಿಕ್ಕಪ್ಪಾ, ನನಗೆ ಹಿಸ್ಟರಿ ಇಷ್ಟ" ಅಂದರೆ ಹೇಳೋ ಮಾತು ಒಂದೇ: "ಅದಕ್ಕೆ ಸ್ಕೋಪ್ ಏನಿದೆ ಪುಟ್ಟಾ?" ಅಲ್ಲಿ ಸ್ಕೋಪ್ ಇರೋದು ಇಲ್ಲಿಗೆ ಬರೋಷ್ಟರಲ್ಲಿ ವಿಮಾನದಲ್ಲೇ ಖಾಲಿಯಾಗಿಬಿಡ್ತದಾ?

ಎಪಿ ಅನ್ನೋದು ಸ್ವರ್ಗ ಅಂತಲ್ಲ. ದುಡ್ಡು ಕಟ್ಟಿ ಬರೆಯೋ ಪರೀಕ್ಷೆ. ಕಾಲೇಜು ಸೀಟಿಗಾಗಿ ಅಲ್ಲೂ ಮಕ್ಕಳು ಓಡ್ತಾನೇ ಇರ್ತಾರೆ. ಆದರೆ ಲೆಕ್ಕ ಬರೋ ಮಗುವಿಗೆ ಕಾಲದ ಲೆಕ್ಕವೂ ಬೇಕು ಅನ್ನೋದನ್ನು ಅಲ್ಲಿ ಯಾರೂ ವಿಚಿತ್ರವಾಗಿ ನೋಡಲ್ಲ. ನಾನು ಕೇಳ್ತಿರೋದು ಅಷ್ಟನ್ನೇ.

"ಪ್ರಪಂಚದ ಇತಿಹಾಸ ತಗೊಂಡು ಹಳ್ಳಿ ಹುಡುಗ ಏನು ಮಾಡ್ತಾನೆ?" ಅಂತ ಕೇಳೋರಿಗೆ ನಮ್ಮ ಕಡೆಯದೇ ಒಂದು ಲೆಕ್ಕ ಬಿಡಿಸಿ ತೋರಿಸ್ತೀನಿ. ನನ್ನದು ಗದಗ ತಾಲೂಕಿನ ಅಂತೂರ ಬೆಂತೂರ. ಎರಡು ಹೆಸರು, ಒಂದೇ ಉಸಿರಿನಲ್ಲಿ ಹೇಳೋ ಊರು. ಅಲ್ಲಿ ಯಾವ ಮನೆಯಲ್ಲಾದರೂ "ಸೊಸೈಟಿ" ಅಂದರೆ ಏನು ಅಂತ ಕೇಳಿ, ಸಣ್ಣ ಹುಡುಗ್ರೂ ಹೇಳ್ತಾರೆ. ಉತಾರ ತಗೊಂಡು ಹೋಗಿ ಸಾಲ ತರೋ ಜಾಗ. ಬೀಜ ಗೊಬ್ಬರದ ಜಾಗ. ಈ ಸೊಸೈಟಿ ಎಲ್ಲಿಂದ ಬಂತು?

ದೂರದಿಂದಲೇ ಶುರು ಮಾಡೋಣ. 1840ರ ದಶಕದಲ್ಲಿ ಇಂಗ್ಲೆಂಡಿನ ಗಿರಣಿಗಳಿಗೆ ಉದ್ದ ಎಳೆಯ ಹತ್ತಿ ಬೇಕಿತ್ತು. ಅದು ಬರ್ತಿದ್ದದ್ದು ಅಮೆರಿಕದ ದಕ್ಷಿಣದ ರಾಜ್ಯಗಳಿಂದ, ಗುಲಾಮರು ಬಿಡಿಸಿದ ಹತ್ತಿ. ಒಂದೇ ಕಡೆ ನೆಚ್ಚಿಕೊಂಡರೆ ಕಷ್ಟ ಅಂತ ಕಂಪನಿ ಸರ್ಕಾರ ನ್ಯೂ ಆರ್ಲಿಯನ್ಸ್ ತಳಿಯ ಬೀಜ ತರಿಸಿ ಧಾರವಾಡ ಸೀಮೆಯ ಎರೆಹೊಲದಲ್ಲಿ ಬಿತ್ತಿಸಿತು. ಗದಗ ಆಗ ಧಾರವಾಡ ಜಿಲ್ಲೆಯೊಳಗೇ ಇತ್ತು, 1997ರ ತನಕವೂ ಇತ್ತು. ಆ ಬೆಳೆ ಹತ್ತಿತು. ಪೇಟೆಯಲ್ಲಿ ಅದಕ್ಕೆ "ಧಾರವಾಡ-ಅಮೆರಿಕನ್" ಅಂತಲೇ ಹೆಸರಾಯಿತು.

1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ. ಉತ್ತರದವರ ನೌಕಾಪಡೆ ದಕ್ಷಿಣದ ಬಂದರುಗಳನ್ನು ಮುಚ್ಚಿತು. ಲ್ಯಾಂಕಾಶೈರಿನಲ್ಲಿ ಗಿರಣಿ ನಿಂತು ಕೂಲಿಕಾರರು ಹಸಿದರು. ಬಾಂಬೆಯಲ್ಲಿ ಹತ್ತಿಯ ರೇಟು ಆಕಾಶಕ್ಕೆ ಹೋಯಿತು. ನಮ್ಮ ಹತ್ತಿ ಸಾಗಿಸೋಕೆ ಕಾರವಾರ ಬಂದರು ಬೆಳೆಸಬೇಕು ಅಂತ ಮ್ಯಾಂಚೆಸ್ಟರಿನ ಸಾಹುಕಾರರು ಒತ್ತಾಯ ಮಾಡಿದರು. 1865ರಲ್ಲಿ ಯುದ್ಧ ಮುಗೀತು. ಅಲ್ಲಿ ಗುಲಾಮಗಿರಿ ರದ್ದಾಯಿತು, ಇಲ್ಲಿ ಬಾಂಬೆ ಷೇರುಪೇಟೆ ಮಕಾಡೆ ಬಿತ್ತು, ಹತ್ತಿಯ ರೇಟು ಇಳೀತು. ಮುಂದೆ 1875ರಲ್ಲಿ ಪುಣೆ, ಅಹ್ಮದ್‌ನಗರ ಸೀಮೆಯ ರೈತರು ಸಾವಕಾರರ ಮನೆಗೆ ನುಗ್ಗಿ ಸಾಲಪತ್ರ ಸುಟ್ಟರು. ಅದರ ಮರುವರ್ಷವೇ ಮಳೆ ಕೈಕೊಟ್ಟಿತು. 1876ರಿಂದ 78ರ ಆ ಬರ ಹಳೇ ಮೈಸೂರಿನವರಿಗೆ ಧಾತು ಈಶ್ವರ ಬರ. ಧಾರವಾಡ, ಕಲಾದಗಿ, ಬಳ್ಳಾರಿ ಎಲ್ಲಾ ಕಡೆ ಜನ ಸತ್ತರು. ಇಡೀ ದೇಶದಲ್ಲಿ ಸತ್ತವರು ಐವತ್ತು ಲಕ್ಷಕ್ಕೂ ಹೆಚ್ಚು ಅನ್ನೋ ಅಂದಾಜಿದೆ. 1877ರ ಜನವರಿ 1ರಂದು ವೈಸರಾಯ್ ಲಿಟ್ಟನ್ ದೆಹಲಿಯಲ್ಲಿ ದರ್ಬಾರು ನಡೆಸಿ ವಿಕ್ಟೋರಿಯಾಗೆ ಚಕ್ರವರ್ತಿನಿ ಪಟ್ಟ ಘೋಷಿಸ್ತಿದ್ದಾಗ ದಕ್ಷಿಣದಲ್ಲಿ ಇದು ನಡೀತಿತ್ತು. ಅದೇ ಹೊತ್ತಿಗೆ ಉತ್ತರ ಚೀನಾದಲ್ಲಿ, ಬ್ರೆಜಿಲಿನ ಈಶಾನ್ಯದಲ್ಲಿ ಕೂಡ ಅಂಥದೇ ಬರ. ಪೆಸಿಫಿಕ್ ಸಮುದ್ರದ ಎಲ್ ನಿನೊ ಮಳೆ ತಪ್ಪಿಸಿತು. ಮಳೆ ತಪ್ಪಿದ ಮೇಲೆ ಧಾನ್ಯ ಯಾರಿಗೆ ಹೋಯಿತು ಅನ್ನೋದನ್ನು ಮಾತ್ರ ಮನುಷ್ಯರು ತೀರ್ಮಾನ ಮಾಡಿದರು.

ರೈತನ ಸಾಲಕ್ಕೆ ಏನಾದರೂ ಮಾಡಲೇಬೇಕು ಅನ್ನೋ ಬಿಸಿ ಸರ್ಕಾರಕ್ಕೆ ಆಮೇಲೆ ಮುಟ್ಟಿತು. ಮದ್ರಾಸಿನ ಅಧಿಕಾರಿ ಫ್ರೆಡರಿಕ್ ನಿಕಲ್ಸನ್ ಯುರೋಪಿನ ಕೃಷಿ ಬ್ಯಾಂಕುಗಳನ್ನು ಅಧ್ಯಯನ ಮಾಡಿ 1890ರ ದಶಕದಲ್ಲಿ ವರದಿ ಕೊಟ್ಟ. ಅವನಿಗೆ ಹಿಡಿಸಿದ್ದು ಜರ್ಮನಿಯ ರೈಫೈಸನ್ ಅನ್ನೋ ಸಣ್ಣ ಊರಿನ ಮೇಯರ್ ಕಟ್ಟಿದ ಪದ್ಧತಿ. 1846-47ರ ಹಸಿವಿನ ಚಳಿಗಾಲ ನೋಡಿದ್ದ ಆತ, ಒಬ್ಬರನ್ನೊಬ್ಬರು ಬಲ್ಲ ಊರಿನವರೇ ಒಟ್ಟಾಗಿ ಒಬ್ಬರಿಗೊಬ್ಬರು ಜಾಮೀನು ನಿಂತು ಸಾಲ ಕೊಟ್ಟುಕೊಳ್ಳೋ ಸಂಘಗಳನ್ನು ಶುರು ಮಾಡಿದ್ದ. 1904ರಲ್ಲಿ ಇಲ್ಲಿ ಸಹಕಾರ ಪತ್ತಿನ ಸಂಘಗಳ ಕಾಯ್ದೆ ಬಂತು. 1905ರಲ್ಲಿ ನಮ್ಮದೇ ತಾಲೂಕಿನ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಸಂಘ ಕಟ್ಟಿದರು. ದೇಶದ ಸಹಕಾರ ಚಳವಳಿಯ ಕಥೆಯಲ್ಲಿ ಆ ಊರಿನ ಹೆಸರು ಮೊದಲ ಪುಟದಲ್ಲೇ ಬರ್ತದೆ.

ನ್ಯೂ ಆರ್ಲಿಯನ್ಸ್, ಮ್ಯಾಂಚೆಸ್ಟರ್, ಬಾಂಬೆ, ಜರ್ಮನಿಯ ಒಂದು ಹಳ್ಳಿ, ಮದ್ರಾಸಿನ ಒಂದು ಕಚೇರಿ, ಕಣಗಿನಹಾಳ. ನನ್ನ ಊರಿನ ರೈತ ಸೊಸೈಟಿಗೆ ಹೋಗಿ ಹೆಬ್ಬೆಟ್ಟು ಒತ್ತೋದರ ಹಿಂದೆ ಇಷ್ಟು ದೊಡ್ಡ ಪ್ರಪಂಚ ನಿಂತಿದೆ. ಅವನ ಹೊಲದ ಮೆಣಸಿನಕಾಯಿ, ಶೇಂಗಾ, ಗೋವಿನಜೋಳ ಮೂರೂ ಅಮೆರಿಕ ಖಂಡದಿಂದ ಬಂದಿದ್ದು. ಪ್ರಪಂಚದ ಇತಿಹಾಸ ನಮಗೆ ದೂರದ ವಿಷಯ ಅಂತ ಯಾರು ಹೇಳಿದ್ದು? ಇದರಲ್ಲಿ ಒಂದಕ್ಷರವನ್ನೂ ನನಗೆ ಯಾವ ಕ್ಲಾಸಿನಲ್ಲೂ ಹೇಳಲಿಲ್ಲ. ನಮಗೆ ಹೇಳಿದ್ದು ಅಮೆರಿಕದ ಅಂತರ್ಯುದ್ಧ ನಡೆದ ಇಸವಿ, ಅಷ್ಟೇ. ಅದೂ ಬಿಟ್ಟ ಸ್ಥಳ ತುಂಬಿರಿಗೆ.

ಇದರಲ್ಲಿ ಇನ್ನೂ ಒಂದು ಮಜಾ ಇದೆ. ಹತ್ತಿಯ ರೇಟು ಬಿದ್ದದ್ದೇ ರೈತರ ಸಾಲಕ್ಕೂ ದಂಗೆಗೂ ಕಾರಣವಾ, ಇಲ್ಲಾ ಕಂದಾಯ ಏರಿಸಿದ್ದು ಕಾರಣವಾ, ಕೋರ್ಟು ಸಾವಕಾರನ ಪರ ಇದ್ದದ್ದು ಕಾರಣವಾ ಅಂತ ಇತಿಹಾಸಕಾರರಲ್ಲೇ ಜಗಳ ಇದೆ. ಹದಿನಾರರ ಮಕ್ಕಳಿಗೆ ಕಲಿಸಬೇಕಾದ್ದು ಆ ಜಗಳವನ್ನ. 1884ರ ಧಾರವಾಡ ಜಿಲ್ಲಾ ಗೆಜೆಟಿಯರ್ ಇವತ್ತು ಇಂಟರ್‌ನೆಟ್ಟಿನಲ್ಲಿ ಬಿಟ್ಟಿ ಸಿಗ್ತದೆ. ಅದರ ಎರಡು ಪುಟ, ಒಬ್ಬ ಗಿರಣಿ ಮಾಲೀಕನ ಅರ್ಜಿ, ಒಂದು ಸಾಲಪತ್ರ, ಹತ್ತು ವರ್ಷದ ಹತ್ತಿ ರೇಟಿನ ಪಟ್ಟಿ ಮುಂದಿಟ್ಟು, "ಯಾರು ನಿಜ ಹೇಳ್ತಿದ್ದಾರೆ, ಯಾರು ತಮಗೆ ಬೇಕಾದಷ್ಟೇ ಹೇಳ್ತಿದ್ದಾರೆ?" ಅಂತ ಕೇಳಿ. ಇದು ಡೀಬಗ್ಗಿಂಗ್ ಅಲ್ಲದೆ ಮತ್ತೇನ್ರಿ? ಪ್ರೊಡಕ್ಷನ್ ಬಿದ್ದಾಗ ನಾವು ಮಾಡೋದೂ ಇದೇ. ನಾಲ್ಕು ಲಾಗ್ ತೆಗೆದು, ಯಾವುದು ಕಾರಣ, ಯಾವುದು ಬರೀ ಜೊತೆಗೆ ನಡೆದದ್ದು ಅಂತ ಬೇರೆ ಮಾಡೋದು.

ಈಗ ತಕರಾರುಗಳಿಗೆ ಬರ್ತೀನಿ.

ಮೊದಲನೇದು, ರ್‍ಯಾಂಕು. "ಹಿಸ್ಟರಿ ತಗೊಂಡರೆ ಸಿಇಟಿ ಹೋಗ್ತದೆ." ಹೋಗಲ್ಲ. ಇಂಜಿನಿಯರಿಂಗ್ ರ್‍ಯಾಂಕಿಗೆ ಲೆಕ್ಕ ಹಿಡಿಯೋದು ಪಿಯುಸಿಯ ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್ ಅಂಕಗಳ ಅರ್ಧ, ಸಿಇಟಿಯ ಅದೇ ಮೂರು ವಿಷಯಗಳ ಅರ್ಧ. ನಾಲ್ಕನೇ ಸಬ್ಜೆಕ್ಟು ಆ ಲೆಕ್ಕದೊಳಗೆ ಬರೋದೇ ಇಲ್ಲ. ಡಾಕ್ಟರ್ ಆಗೋರಿಗೆ ಬಯಾಲಜಿ ಬೇಕೇ ಬೇಕು, ಸರಿ. ಆದರೆ ಇಂಜಿನಿಯರ್ ಆಗೋದು ಖಾತ್ರಿ ಇದ್ದೂ "ಇರ್ಲಿ ಒಂದು" ಅಂತ ಬಯಾಲಜಿ ತಗೊಂಡು ಎರಡು ವರ್ಷ ಕಪ್ಪೆ ಚಿತ್ರ ಬಿಡಿಸಿದವರು ನಮ್ಮಲ್ಲಿ ಎಷ್ಟು ಜನ ಇಲ್ಲ?

ಎರಡನೇದು, "ಕಂಪ್ಯೂಟರ್ ಸೈನ್ಸ್ ತಗೊಂಡರೆ ಮುಂದೆ ಅನುಕೂಲ." ನಮ್ಮ ಕಾಲದಲ್ಲಿ ಪಿಯುಸಿಯಲ್ಲಿ ಸಿ ಪ್ಲಸ್ ಪ್ಲಸ್ ಕಲಿಸ್ತಿದ್ರು. ಬಿಇ ಮೊದಲ ವರ್ಷಕ್ಕೆ ಬಂದರೆ ಸಿವಿಲ್, ಮೆಕ್ಯಾನಿಕಲ್ ಅನ್ನದೆ ಎಲ್ಲರಿಗೂ ಸಿ ಪ್ರೋಗ್ರಾಮಿಂಗ್ ಅ ಆ ಇ ಈಯಿಂದ ಶುರು. ಮೂರನೇ ತಿಂಗಳಿಗೆ ಎಲ್ಲರೂ ಸಮ. ಇಷ್ಟ ಇರೋರು ತಗೊಳ್ಳಲಿ, ಬೇಡ ಅನ್ನಲ್ಲ. ಆದರೆ ಅದನ್ನು ಮುಂದೆ ನಾಲ್ಕು ವರ್ಷ ಕಾಲೇಜಿನಲ್ಲಿ, ಮೂವತ್ತು ವರ್ಷ ಕೆಲಸದಲ್ಲಿ ಕಲೀತಾನೇ ಇರ್ತೀವಿ. ಇತಿಹಾಸ ಕಲಿಸೋ ಮೇಷ್ಟ್ರು ಒಬ್ಬರು ನಮ್ಮೆದುರು ನಿಲ್ಲೋ ಕೊನೇ ಅವಕಾಶ ಪಿಯುಸಿ.

ಮೂರನೇದು, ಮಹಾ ತಕರಾರು: ಸ್ಕೋಪ್. ಸರಿ, ಸ್ಕೋಪ್ ಲೆಕ್ಕವನ್ನೇ ಹಾಕೋಣ. ಬಿಇ ಮುಗಿಸಿ, ಎರಡು ವರ್ಷ ಕೆಲಸ ಮಾಡಿ, ರಾಜೀನಾಮೆ ಕೊಟ್ಟು ವಿಜಯನಗರದ ಕೋಚಿಂಗ್ ಸೆಂಟರಿಗೋ ದೆಹಲಿಗೋ ಹೋಗೋ ಇಂಜಿನಿಯರುಗಳು ನಿಮ್ಮ ಗೆಳೆಯರ ಗುಂಪಿನಲ್ಲೇ ಇದ್ದಾರಲ್ಲ? ಯುಪಿಎಸ್ಸಿ ಮೇನ್ಸ್‌ನ ಸಾಮಾನ್ಯ ಅಧ್ಯಯನ ಮೊದಲ ಪೇಪರಿನಲ್ಲಿ ಹದಿನೆಂಟನೇ ಶತಮಾನದಿಂದ ಈಚಿನ ಪ್ರಪಂಚದ ಇತಿಹಾಸ ಇದೆ. ಇಪ್ಪತ್ತೈದು ದಾಟಿದ ಮೇಲೆ, ಸಾಲ ಮಾಡಿ ಫೀಸು ಕಟ್ಟಿ ಓದ್ತಿರೋದು ಪ್ರಥಮ ಪಿಯುಸಿಯಲ್ಲಿ ಬಿಟ್ಟಿ ಸಿಗಬೇಕಿದ್ದ ಪಾಠವನ್ನ.

ಅದೂ ಬೇಡ, ನಮ್ಮ ಅನ್ನದ ತಟ್ಟೆಯನ್ನೇ ನೋಡಿ. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂತು. 1990ರಲ್ಲಿ ಅಮೆರಿಕದ ವಲಸೆ ಕಾಯ್ದೆ ಎಚ್-1ಬಿ ವೀಸಾ ಹುಟ್ಟಿಸಿತು. 1991ರಲ್ಲಿ ಇಲ್ಲಿ ಉದಾರೀಕರಣ. 1999ರಲ್ಲಿ ವೈಟುಕೆ ಭಯ. ಇವು ಸಾಲಾಗಿ ಜೋಡಿಸಿ ನಿಂತದ್ದರಿಂದ ವೈಟ್‌ಫೀಲ್ಡಿನಲ್ಲಿ ನಮಗೆ ಬಾಡಿಗೆ ಮನೆ ಸಿಕ್ಕಿದೆ. ಒಂದು ದೇಶ ಬಾಗಿಲು ತೆರೆಯೋದು, ಮುಚ್ಚೋದು, ಅದಕ್ಕೆ ಅಲ್ಲಿಯ ಜನ ಯಾಕೆ ಚಪ್ಪಾಳೆ ತಟ್ತಾರೆ ಅನ್ನೋದು, ಇದ್ಯಾವುದೂ ಗೊತ್ತಿಲ್ಲದೆ ವೀಸಾ ಸುದ್ದಿ ಬಂದಾಗೆಲ್ಲ ಗಾಬರಿ ಬೀಳ್ತೀವಿ. ಬೆಲೆ ಯಾಕೆ ಏರಿತು ಅಂತ ತಿಳಿಯದೆ ಸಾಲ ಮಾಡಿ, ಬೆಲೆ ಯಾಕೆ ಬಿತ್ತು ಅಂತ ತಿಳಿಯದೆ ಕೂತ 1865ರ ಹತ್ತಿ ಬೆಳೆಗಾರನಿಗೂ ನಮಗೂ ಏನು ವ್ಯತ್ಯಾಸ? ಅವನಿಗೆ ಓದೋ ಅವಕಾಶ ಇರಲಿಲ್ಲ. ನಮಗಿತ್ತು.

ನಾಲ್ಕನೇದು, "ಪಾಠ ಮಾಡೋರು ಎಲ್ಲಿದ್ದಾರೆ?" ಇದು ನ್ಯಾಯವಾದ ಪ್ರಶ್ನೆ. ಆದರೆ ಆರ್ಟ್ಸ್ ವಿಭಾಗ ಇರೋ ಸರ್ಕಾರಿ ಪಿಯು ಕಾಲೇಜುಗಳಲ್ಲಿ ಇತಿಹಾಸದ ಉಪನ್ಯಾಸಕರ ಹುದ್ದೆ ಇದ್ದೇ ಇದೆ. ಕಷ್ಟ ಇರೋದು ಸೈನ್ಸ್ ಮಾತ್ರ ನಡೆಸೋ, ಹಾಸ್ಟೆಲ್ಲಿನಲ್ಲಿ ಮಕ್ಕಳನ್ನು ಕೂಡಿ ಹಾಕಿ ಬೆಳಗ್ಗೆ ಐದಕ್ಕೆ ಎಬ್ಬಿಸೋ ಖಾಸಗಿ ಕಾಲೇಜುಗಳಿಗೆ. ಲಕ್ಷಗಟ್ಟಲೆ ಫೀಸು ತಗೊಳ್ಳೋ ಅವರು ಒಬ್ಬ ಇತಿಹಾಸದ ಮೇಷ್ಟ್ರಿಗೆ ಸಂಬಳ ಕೊಡೋಕೆ ಬಡವರಾಗ್ತಾರಾ? ಹಳ್ಳಿ ಕಡೆಯ ಸರ್ಕಾರಿ ಕಾಲೇಜಿಗೆ ಮಾತ್ರ ಇದರಿಂದ ಲಾಭವೇ. ಅಲ್ಲಿನ ಇತಿಹಾಸದ ಕ್ಲಾಸಿಗೆ ಲೆಕ್ಕ ಬರೋ ಮಕ್ಕಳೂ ಬಂದು ಕೂತರೆ ಆರ್ಟ್ಸ್ ಅನ್ನೋ ಹಣೆಪಟ್ಟಿ ತಾನಾಗಿ ಸಡಿಲಾಗ್ತದೆ.

ಕೊನೇದಾಗಿ ನಮ್ಮ ಜಗಳಗಳ ಬಗ್ಗೆ ಒಂದು ಮಾತು. 2018ರಲ್ಲಿ ಎಪಿ ಪರೀಕ್ಷೆ ನಡೆಸೋ ಕಾಲೇಜ್ ಬೋರ್ಡ್, ಇನ್ಮೇಲೆ ವರ್ಲ್ಡ್ ಹಿಸ್ಟರಿ ಪರೀಕ್ಷೆ 1450ರಿಂದ ಶುರು ಅಂತ ಹೇಳಿತು. ಮೇಷ್ಟ್ರುಗಳ ಜೊತೆ ಹೈಸ್ಕೂಲ್ ಮಕ್ಕಳೂ ತಿರುಗಿಬಿದ್ದರು. ಯುರೋಪಿನವರು ಹಡಗು ಹತ್ತೋಕೆ ಮೊದಲು ಏಷ್ಯಾ, ಆಫ್ರಿಕಾದಲ್ಲಿ ಏನೂ ನಡೆದೇ ಇರಲಿಲ್ವಾ ಅಂತ ಕೇಳಿದರು. ಬೋರ್ಡು 1200ಕ್ಕೆ ಹಿಂದೆ ಸರೀತು. ನಮ್ಮಲ್ಲಿ 2022ರಲ್ಲಿ ಪಠ್ಯಪುಸ್ತಕ ಪರಿಷ್ಕರಣೆಯ ರಾದ್ಧಾಂತ ಆಯಿತಲ್ಲ, ನೆನಪಿದೆಯಾ? ತಿಂಗಳುಗಟ್ಟಲೆ ಟಿವಿಯಲ್ಲಿ ಕೂಗಾಡಿದರು, ಸರ್ಕಾರ ಬದಲಾದ ಮೇಲೆ 2023ರಲ್ಲಿ ಪುಸ್ತಕವೂ ಮತ್ತೆ ಬದಲಾಯಿತು. ಯಾರ ಪಾಠ ಒಳಗೆ, ಯಾರ ಪಾಠ ಹೊರಗೆ ಅನ್ನೋದಷ್ಟೇ ಜಗಳ. ಕೊಟ್ಟ ಪಾಠವನ್ನು ಪ್ರಶ್ನೆ ಮಾಡೋಕೆ ಮಗುವಿಗೆ ಯಾವಾಗ ಕಲಿಸ್ತೀರಿ ಅಂತ ಎರಡೂ ಕಡೆಯವರು ಕೇಳಲಿಲ್ಲ. ದಾಖಲೆ ಓದೋಕೆ ಬರೋ ಮಗುವಿಗೆ ಯಾವ ಪಾರ್ಟಿಯವರು ಯಾವ ಪಾಠ ಇಟ್ಟರೂ ಪೂರ್ತಿ ಮೋಸ ಮಾಡೋಕಾಗಲ್ಲ. ಅಂಥ ಮಗು ಎರಡೂ ಕಡೆಯವರಿಗೆ ತಲೆನೋವೇ.

ಹಾಗಾಗಿ ಕೇಳ್ತಿರೋದು ಎರಡೇ. ಪಿಯು ಇಲಾಖೆ ಕಾಂಬಿನೇಶನ್ ಪಟ್ಟಿಗೆ ಒಂದು ಸಾಲು ಸೇರಿಸಲಿ: ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್, ಇತಿಹಾಸ. ಪರೀಕ್ಷೆಯಲ್ಲಿ ಕಾಲು ಭಾಗ ಅಂಕವನ್ನಾದರೂ ಹಿಂದೆಂದೂ ನೋಡದ ದಾಖಲೆ ಓದಿ ವಾದ ಕಟ್ಟೋ ಪ್ರಶ್ನೆಗೆ ಇಡಲಿ. ಆರ್ಟ್ಸ್‌ನವರಿಗೂ ಅದೇ ಪೇಪರು, ಸೈನ್ಸ್‌ನವರಿಗೂ ಅದೇ ಪೇಪರು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಕಲೆ, ವಿಜ್ಞಾನದ ನಡುವೆ ಗೋಡೆ ಬೇಡ ಅಂತ ಬರೆದಿತ್ತು. ಆ ನೀತಿ ಬೇಡ, ನಮ್ಮದೇ ಮಾಡ್ತೀವಿ ಅಂತ ಕರ್ನಾಟಕ ಹೇಳಿತು. ಮಾಡಿ ಸ್ವಾಮಿ, ಆದರೆ ಗೋಡೆಯನ್ನು ಮಾತ್ರ ಹಾಗೇ ಉಳಿಸ್ಕೋಬೇಡಿ.

ಇಲಾಖೆ ಯಾವತ್ತು ಎಚ್ಚರಾಗ್ತದೋ ಗೊತ್ತಿಲ್ಲ. ಅಷ್ಟರೊಳಗೆ ಎಸ್ಸೆಸ್ಸೆಲ್ಸಿ ರಿಸಲ್ಟಿನ ತಿಂಗಳು ಮತ್ತೆ ಬರ್ತದೆ. ಮನೆಯಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರೋರು ನೀವೇ ಅಂತ ಅಕ್ಕನ ಮಗನೋ ಅಣ್ಣನ ಮಗಳೋ ಫೋನ್ ಮಾಡಿ ಏನು ತಗೊಳ್ಳಲಿ ಅಂತ ಕೇಳ್ತಾರೆ. ಸೈನ್ಸೇ ತಗೊಳ್ಳಲಿ, ತಪ್ಪಿಲ್ಲ. ಜೊತೆಗೆ ಪ್ರಥಮ ಪಿಯುಸಿ ಇತಿಹಾಸ ಪುಸ್ತಕ ಒಂದು ಕೊಂಡು ಕಳಿಸಿ. ಅದರಲ್ಲಿ ನಿಮ್ಮ ಊರು ಎಲ್ಲಿ ಬಿಟ್ಟುಹೋಗಿದೆ ಅಂತ ಹುಡುಕೋಕೆ ಹೇಳಿ.